ಡಿಪ್ರೆಶನ್‌ಗೆ ‘ಪಾಸಿಟಿವ್ ಥಿಂಕಿಂಗ್’ ಮದ್ದಾಗುತ್ತಾ?

ಖಿನ್ನತೆಯ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಎರಡು ಸುದ್ದಿಗಳು ಓದಿದವರ ತಲೆಯಲ್ಲಿ ಗೊಂದಲ ಎಬ್ಬಿಸಿವೆ. 2022ರ ಜುಲೈನಲ್ಲಿ ‘ಖಿನ್ನತೆಗೆ ಮೆದುಳಿನ ರಾಸಾಯನಿಕದ ಏರುಪೇರು ಕಾರಣ ಅಲ್ಲ’ ಎಂಬ ತಲೆಬರಹ ಜಗತ್ತೆಲ್ಲ ಸುತ್ತಿತು. 2024ರ ಫೆಬ್ರವರಿಯಲ್ಲಿ ‘ವಾಕಿಂಗ್, ಯೋಗದಿಂದ ಖಿನ್ನತೆ ಇಳಿಯುತ್ತದೆ’ ಎಂಬ ಇನ್ನೊಂದು ಸುದ್ದಿ ಬಂತು. ಎರಡನ್ನೂ ಓದಿದ ಎಷ್ಟೋ ಜನ ತಾವೇ ಒಂದು ಲೆಕ್ಕ ಹಾಕಿಕೊಂಡರು. ಮೆದುಳಿನಲ್ಲಿ ಏನೂ ಕೆಟ್ಟಿಲ್ಲ, ಹಾಗಾದರೆ ಇದೆಲ್ಲ ಮನಸ್ಸಿನದ್ದೇ ಆಟ. ಮನಸ್ಸು ಗಟ್ಟಿ ಮಾಡಿಕೊಂಡು ಪಾಸಿಟಿವ್ ಆಗಿ ಯೋಚಿಸಿದರೆ ಸಾಕಲ್ವಾ? ಮಾತ್ರೆ ಯಾಕೆ, ಡಾಕ್ಟರ್ ಯಾಕೆ?

ಈ ಸಲಹೆ ನಮಗೇನೂ ಹೊಸದಲ್ಲ. ‘ಧೈರ್ಯ ತಗೋ’, ‘ಜಾಸ್ತಿ ಯೋಚನೆ ಮಾಡ್ಬೇಡ’, ‘ನಿನಗೇನು ಕಮ್ಮಿ ಆಗಿದೆ ಹೇಳು’ ಅಂತ ಪ್ರತಿ ಮನೆಯಲ್ಲೂ ಹೇಳುತ್ತಲೇ ಬಂದಿದ್ದೇವೆ. ಈಗ ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದ ಹಾಗೆ ಕಾಣುತ್ತಿದೆ. ಆ ಮುದ್ರೆ ನಿಜವೇ ಎಂದು ನಿಧಾನವಾಗಿ ನೋಡಬೇಕಾದ ಕಾಲ ಇದು. ತಪ್ಪಾಗಿ ಓದಿಕೊಂಡರೆ ಅದರ ಏಟು ಬೀಳುವುದು ಈಗಾಗಲೇ ಸೋತು ಕೂತವರ ಮೇಲೆ.

ಆ ಸುದ್ದಿ ಹೇಳಿದ್ದೇನು, ಹೇಳದೆ ಬಿಟ್ಟಿದ್ದೇನು

2022ರ ಸುದ್ದಿಯ ಮೂಲ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಮನೋವೈದ್ಯೆ ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರ ಒಂದು ಪ್ರಬಂಧ. ಅವರು ಹೊಸ ಪ್ರಯೋಗ ಮಾಡಿರಲಿಲ್ಲ. ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ ಎಂದರು.

ಖಿನ್ನತೆಗೆ ಒಂದೇ ಕಾರಣ ಇಲ್ಲ ಅನ್ನುವುದು ಮನೋವೈದ್ಯರಿಗೆ ಮೊದಲೇ ಗೊತ್ತಿದ್ದ ವಿಷಯ. ಮನೆತನದಲ್ಲಿ ಹರಿದುಬಂದ ಗುಣ, ಚಿಕ್ಕಂದಿನ ಪೆಟ್ಟು, ಸಾಲ, ಒಂಟಿತನ, ಹೆರಿಗೆಯ ನಂತರದ ದಿನಗಳು, ಥೈರಾಯ್ಡ್ ತೊಂದರೆ, ಕುಡಿತ, ಹೀಗೆ ಹಲವು ಎಳೆ ಸೇರಿ ಗಂಟಾಗಿರುತ್ತದೆ. ಆದರೆ ಜನರಿಗೆ ಸುಲಭವಾಗಿ ಅರ್ಥವಾಗಲಿ ಅಂತ ‘ರಾಸಾಯನಿಕ ಕಮ್ಮಿಯಾಗಿದೆ’ ಎಂಬ ಒಂದೇ ಸಾಲಿನ ಕಥೆಯನ್ನು ವರ್ಷಗಟ್ಟಲೆ ಹೇಳಲಾಯಿತು. ಕುಸಿದದ್ದು ಆ ಒಂದು ಸಾಲು.

ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಆ ಪ್ರಬಂಧ ಪರೀಕ್ಷಿಸಿರಲೇ ಇಲ್ಲ. ಅದನ್ನು ನೋಡಿದ್ದು 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇನ್ನೊಂದು ದೊಡ್ಡ ವಿಶ್ಲೇಷಣೆ. 522 ಪ್ರಯೋಗಗಳು, 1 ಲಕ್ಷ 16 ಸಾವಿರಕ್ಕೂ ಹೆಚ್ಚು ರೋಗಿಗಳು, 21 ಬಗೆಯ ಔಷಧಿಗಳು. ಇಪ್ಪತ್ತೊಂದೂ ಔಷಧಿಗಳು, ಔಷಧಿಯ ಅಂಶವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚು ಫಲ ಕೊಟ್ಟಿದ್ದವು. ಲಾಭ ಎಲ್ಲರಿಗೂ ಒಂದೇ ಸಮ ಸಿಗುವುದಿಲ್ಲ, ಸರಾಸರಿ ತೆಗೆದರೆ ಅದು ಸಾಧಾರಣ ಮಟ್ಟದ್ದು ಅನ್ನುವುದೂ ನಿಜ. ತಲೆನೋವಿನ ಮಾತ್ರೆ ನುಂಗಿದರೆ ನೋವು ಇಳಿಯುತ್ತದೆ. ಹಾಗಂತ ಮೈಯಲ್ಲಿ ಆ ಮಾತ್ರೆಯ ಕೊರತೆ ಇತ್ತು ಅಂತ ಅರ್ಥ ಅಲ್ಲ. ಕಾರಣದ ವಿವರಣೆ ಬಿದ್ದುಹೋದರೆ ಔಷಧಿಯೂ ಬಿದ್ದುಹೋಯಿತು ಅನ್ನುವುದು ಅವಸರದ ತೀರ್ಮಾನ. ಸುದ್ದಿ ಓದಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಅಪಾಯ. ನಿಲ್ಲಿಸಲೇಬೇಕೆಂದರೆ ವೈದ್ಯರ ಜೊತೆ ಮಾತಾಡಿ, ನಿಧಾನವಾಗಿ ಇಳಿಸಬೇಕು.

ಜ್ವರ ಬಂದ ನಾಲಿಗೆ

ಬೇಜಾರಿಗೂ ಖಿನ್ನತೆಗೂ ಇರುವ ವ್ಯತ್ಯಾಸ ಹಿಡಿದರೆ ಅರ್ಧ ಗೊಂದಲ ಕರಗುತ್ತದೆ. ಬೇಜಾರಾದವರಿಗೆ ಸಿಹಿ ಸುದ್ದಿ ಬಂದರೆ ಮುಖ ಅರಳುತ್ತದೆ. ಖಿನ್ನತೆಯಲ್ಲಿ ಹಲವರಿಗೆ ಹಾಗಾಗುವುದಿಲ್ಲ. ಎರಡು ವಾರಕ್ಕೂ ಮೀರಿ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುತ್ತದೆ ಅಥವಾ ಯಾವುದರಲ್ಲೂ ಆಸೆ ಇರುವುದಿಲ್ಲ. ನಿದ್ದೆ ಬಿಡುತ್ತದೆ, ಇಲ್ಲವೇ ಅತಿಯಾಗುತ್ತದೆ. ಊಟ ಸೇರುವುದಿಲ್ಲ. ಮೈಕೈ ನೋವು, ಸುಸ್ತು. ಪತ್ರಿಕೆಯ ನಾಲ್ಕು ಸಾಲು ಓದುವಷ್ಟರಲ್ಲಿ ಗಮನ ಜಾರುತ್ತದೆ. ನಾನು ದಂಡ, ನನ್ನಿಂದ ಎಲ್ಲರಿಗೂ ಭಾರ ಅನ್ನಿಸುತ್ತದೆ. ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ನಮ್ಮ ಕಡೆ ಬಹಳ ಜನ ‘ಮನಸ್ಸು ಸರಿ ಇಲ್ಲ’ ಅಂತ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ‘ಸುಸ್ತು, ನಿದ್ದೆ ಬರಲ್ಲ, ತಲೆ ಭಾರ’ ಅಂತ ಹೋಗುತ್ತಾರೆ.

ಜ್ವರ ಬಂದಾಗ ಪಾಯಸವೂ ಕಹಿ ಅನ್ನಿಸುತ್ತದೆ. ಪಾಯಸದಲ್ಲಿ ಸಕ್ಕರೆ ಕಡಿಮೆ ಇರುವುದಿಲ್ಲ, ನಾಲಿಗೆ ಕೆಟ್ಟಿರುತ್ತದೆ. ಖಿನ್ನತೆಯಲ್ಲಿ ಕೆಟ್ಟಿರುವುದು ಯೋಚಿಸುವ, ನೆನೆಯುವ, ಆಸೆಪಡುವ ಶಕ್ತಿಯೇ. ‘ಪಾಸಿಟಿವ್ ಆಗಿ ಯೋಚಿಸು’ ಅಂದಾಗ ನಾವು ಯಾವ ಕೈಗೆ ಕಾಯಿಲೆಯಾಗಿದೆಯೋ ಅದೇ ಕೈಯಿಂದ ಭಾರ ಎತ್ತಲು ಹೇಳುತ್ತಿರುತ್ತೇವೆ.

ಗಂಟೆ ಬಾರಿಸಿದಾಗಲೆಲ್ಲ ‘ನಾನು ಒಳ್ಳೆಯವಳು’

ಇದು ಬರೀ ಹೋಲಿಕೆಯ ಮಾತಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ 2009ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ನಾಲ್ಕು ನಿಮಿಷ ಕೂತು ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ನಡುನಡುವೆ ಗಂಟೆಯ ಸದ್ದು. ಅದು ಕೇಳಿಸಿದಾಗಲೆಲ್ಲ ಅವರಲ್ಲಿ ಅರ್ಧ ಜನ ‘ನಾನು ಪ್ರೀತಿಗೆ ಯೋಗ್ಯಳು’ ಅಥವಾ ‘ಯೋಗ್ಯ’ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಉಳಿದವರಿಗೆ ಆ ಮಾತಿಲ್ಲ.

ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದವರಿಗೆ ಇದರಿಂದ ಕೊಂಚ ಹಿತವಾಯಿತು. ತಮ್ಮ ಬಗ್ಗೆ ಕೀಳು ಭಾವನೆ ಇದ್ದವರು ಮಾತ್ರ, ಆ ಮಾತು ಹೇಳಿಕೊಳ್ಳದೆ ಸುಮ್ನೆ ಬರೆದವರಿಗಿಂತ ಇನ್ನಷ್ಟು ಕುಗ್ಗಿದ್ದರು. ಯಾಕೆ ಹೀಗೆ? ನಂಬಲಾಗದ ಮಾತನ್ನು ಒಳಗೆ ತಳ್ಳಿದಾಗ ಒಳಗಿನಿಂದ ಎದುರುತ್ತರ ಏಳುತ್ತದೆ. ‘ನಾನು ಯೋಗ್ಯಳು’ ಅಂದ ಕೂಡಲೇ ‘ಹೌದಾ? ಮೊನ್ನೆ ಆಗಿದ್ದೇನು?’ ಅಂತ ಮನಸ್ಸು ಹಳೆಯ ಲೆಕ್ಕ ತೆಗೆಯುತ್ತದೆ. ಹೇಳಿಕೊಳ್ಳುವ ಮಾತಿಗೂ ಅನ್ನಿಸುವುದಕ್ಕೂ ನಡುವಿನ ಕಂದಕ ಎಷ್ಟಿದೆ ಅನ್ನುವುದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಸಂಶೋಧನೆಯಲ್ಲಿ ಇನ್ನೊಂದು ಸಂಗತಿ ಇದೆ. ನನ್ನ ಮಟ್ಟಿಗೆ ಅದೇ ಇಡೀ ಚರ್ಚೆಯ ಕೀಲಿಕೈ. ‘ಈ ಮಾತು ಯಾವ ರೀತಿಯಲ್ಲಿ ನಿಜ, ಯಾವ ರೀತಿಯಲ್ಲಿ ನಿಜ ಅಲ್ಲ, ಎರಡನ್ನೂ ಯೋಚಿಸಬಹುದು’ ಅಂತ ಬಿಡುವು ಕೊಟ್ಟಾಗ, ಕೀಳು ಭಾವನೆಯವರ ಸ್ಥಿತಿ ‘ಈ ಮಾತು ಯಾವ ರೀತಿಯಲ್ಲಿ ನಿಜ ಅನ್ನುವುದನ್ನಷ್ಟೇ ಯೋಚಿಸು’ ಅಂದಾಗಿನದಕ್ಕಿಂತ ಚೆನ್ನಾಗಿತ್ತು. ಇವರು ಕೀಳು ಭಾವನೆಯ ವಿದ್ಯಾರ್ಥಿಗಳು, ಖಿನ್ನತೆಯ ರೋಗಿಗಳಲ್ಲ ಅನ್ನುವುದನ್ನು ಮರೆಯಬಾರದು. ಆದರೆ ಖಿನ್ನತೆಯಲ್ಲಿ ಆ ಕೀಳು ಭಾವನೆ ಇನ್ನೂ ಆಳಕ್ಕೆ ಇಳಿದಿರುತ್ತದೆ.

ರೋಗಿಗಳ ಮೇಲೇ ನಡೆದ ಅಧ್ಯಯನವೂ ಇದೆ. ಯುಟ್ಟಾ ಯೋರ್ಮನ್ ಮತ್ತು ಸಂಗಡಿಗರು 2007ರಲ್ಲಿ ಅಮೆರಿಕದಲ್ಲಿ ಇದನ್ನು ಪ್ರಕಟಿಸಿದರು. ಬೇಸರದಲ್ಲಿದ್ದಾಗ ಹಳೆಯ ಖುಷಿಯ ದಿನ ನೆನೆಸಿಕೊಂಡರೆ ಏನಾಗುತ್ತದೆ? ಖಿನ್ನತೆ ಎಂದೂ ಬರದವರ ಮನಸ್ಸು ಹಗುರವಾಯಿತು. ಹಿಂದೆ ಬಂದು ವಾಸಿಯಾದವರಲ್ಲಿ ಬದಲಾವಣೆ ಇಲ್ಲ. ಆಗ ಖಿನ್ನತೆಯಲ್ಲೇ ಇದ್ದವರ ಬೇಸರ ಹೆಚ್ಚಾಯಿತು. ‘ಅಂದು ಹಾಗಿದ್ದೆ, ಇಂದು ಹೀಗಾದೆ’ ಅನ್ನುವ ಹೋಲಿಕೆ ಚುಚ್ಚುತ್ತದೆ ಅನ್ನುವುದು ಅರ್ಥವಾಗುವ ಮಾತೇ. ಗಮನವನ್ನು ಬೇರೆ ಯಾವುದಾದರೂ ಸಾಧಾರಣ ವಿಷಯದ ಕಡೆ ತಿರುಗಿಸಿದಾಗ ಮಾತ್ರ ಮೂರೂ ಗುಂಪಿನವರಿಗೆ ಹಿತವಾಗಿತ್ತು. ಮದುವೆ ಆಲ್ಬಮ್ ತೆಗೆದು ‘ನೋಡು, ಎಷ್ಟು ನಗ್ತಾ ಇದ್ದೆ’ ಅಂತ ತೋರಿಸುವ ಪ್ರೀತಿಯ ಮನೆಯವರು ಇದನ್ನು ಒಮ್ಮೆ ಯೋಚಿಸಬೇಕು.

ಹಾಗಾದರೆ ಒಳ್ಳೆಯ ಯೋಚನೆಯಿಂದ ಉಪಯೋಗವೇ ಇಲ್ಲವೇ?

ಇದೆ. ಸಕಾರಾತ್ಮಕ ಮನಶ್ಶಾಸ್ತ್ರದವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯುವುದು, ಉಪಕಾರ ಮಾಡಿದವರಿಗೆ ಪತ್ರ ಬರೆಯುವುದು, ಇಂಥ ಅಭ್ಯಾಸಗಳಿಂದ ನೆಮ್ಮದಿ ಹೆಚ್ಚುತ್ತದೆ, ಖಿನ್ನತೆಯ ಲಕ್ಷಣ ಸ್ವಲ್ಪ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ತೊಡಕು ಆ ‘ಸ್ವಲ್ಪ’ ಅನ್ನುವ ಮಾತಿನಲ್ಲಿದೆ. ಕೃತಜ್ಞತೆಯ ಅಭ್ಯಾಸದ ಬಗ್ಗೆ ನಡೆದ 27 ಅಧ್ಯಯನಗಳನ್ನು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಒಟ್ಟು ಮಾಡಿ ನೋಡಿದರು. ಪರಿಣಾಮ ಚಿಕ್ಕದು, ಖಿನ್ನತೆ ಅಥವಾ ಆತಂಕ ಇರುವವರು ಇದಕ್ಕಿಂತ ಗಟ್ಟಿ ಪುರಾವೆ ಇರುವ ಚಿಕಿತ್ಸೆಯ ಕಡೆ ಹೋಗುವುದೇ ಸರಿ ಎಂದು ಬರೆದರು.

ಆದ್ದರಿಂದ ಪ್ರಶ್ನೆ ‘ಯಾರಿಗೆ, ಯಾವಾಗ’ ಅನ್ನುವುದು. ಸಾಧಾರಣ ಬೇಸರದಲ್ಲಿರುವವರಿಗೆ, ವಾಸಿಯಾಗಿ ಎದ್ದು ಓಡಾಡುತ್ತಿರುವವರಿಗೆ ಇದು ಆಸರೆ. ಹಾಸಿಗೆ ಬಿಟ್ಟು ಏಳಲಾಗದವರ ಕೈಗೆ ‘ಮೂರು ಒಳ್ಳೆಯದು ಬರೆ’ ಅಂತ ನೋಟ್‌ಬುಕ್ ಕೊಟ್ಟರೆ, ಖಾಲಿ ಹಾಳೆಯೇ ಇನ್ನೊಂದು ಸೋಲಾಗಿ ಕಾಣುತ್ತದೆ.

ದೇವಸ್ಥಾನ, ಭಜನೆ, ಪ್ರಾರ್ಥನೆಯಿಂದ ಮನಸ್ಸು ಹಗುರಾಯಿತು ಅನ್ನುವವರೂ ಬಹಳ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಬೇಕಿಲ್ಲ. ಅಲ್ಲಿ ಜೊತೆಗೆ ಜನ ಇರುತ್ತಾರೆ, ಹೋಗಲು ಒಂದು ಹೊತ್ತು ಇರುತ್ತದೆ, ಮಿಂದು ಬಟ್ಟೆ ಬದಲಿಸಿ ಹೊರಡಬೇಕಾಗುತ್ತದೆ. ಅದರ ಬಲ ಎಲ್ಲಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಸಿಬಿಟಿ ಅಂದರೆ ಪಾಸಿಟಿವ್ ಥಿಂಕಿಂಗ್ ಅಲ್ಲ

‘ಡಾಕ್ಟರುಗಳೇ ಯೋಚನೆ ಬದಲಿಸುವ ಚಿಕಿತ್ಸೆ ಕೊಡ್ತಾರಲ್ಲ’ ಎಂಬ ಪ್ರಶ್ನೆ ಬರುತ್ತದೆ. ಅದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮಾತಿನ ಚಿಕಿತ್ಸೆ. ಇದರ ಬೇರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಮಾಡಿದ ಕೆಲಸದಲ್ಲಿದೆ. ಖಿನ್ನತೆ ಇರುವವರ ಯೋಚನೆ ತಮ್ಮ ಬಗ್ಗೆ, ಜಗತ್ತಿನ ಬಗ್ಗೆ, ನಾಳೆಯ ಬಗ್ಗೆ, ಮೂರೂ ಕಡೆ ಕಪ್ಪಾಗಿರುವುದನ್ನು ಅವರು ಗುರುತಿಸಿದರು. ಕಪ್ಪನ್ನು ಅಳಿಸಿ ಬಿಳಿ ಬಳಿಯಿರಿ ಅಂತ ಅವರು ಹೇಳಲಿಲ್ಲ. ಆ ಯೋಚನೆಯನ್ನು ಸಾಕ್ಷಿಕಟ್ಟೆಗೆ ನಿಲ್ಲಿಸಿ ವಿಚಾರಣೆ ಮಾಡಿ ಅಂದರು.

ಒಂದು ಉದಾಹರಣೆ ನೋಡೋಣ. ಒಬ್ಬ ಹೆಂಗಸು ಸಂಜೆ ಆರು ಗಂಟೆಗೆ ಅಕ್ಕನಿಗೆ ಫೋನ್ ಮಾಡುತ್ತಾರೆ ಅಂದುಕೊಳ್ಳಿ. ಅಕ್ಕ ಎತ್ತುವುದಿಲ್ಲ. ತಲೆಗೆ ತಕ್ಷಣ ಬರುವ ಮಾತು: ‘ನಾನಂದ್ರೆ ಯಾರಿಗೂ ಬೇಡ.’ ಇದನ್ನು ಹಾಳೆಯ ಮೇಲೆ ಬರೆಯಲು ಚಿಕಿತ್ಸಕರು ಹೇಳುತ್ತಾರೆ. ಎಷ್ಟು ನಂಬ್ತೀರಿ? ನೂರಕ್ಕೆ ತೊಂಬತ್ತು. ಹೌದು ಅನ್ನಲು ಏನು ಸಾಕ್ಷಿ? ಫೋನ್ ಎತ್ತಲಿಲ್ಲ, ಮೊನ್ನೆಯ ಮೆಸೇಜಿಗೂ ತಡವಾಗಿ ಉತ್ತರ ಕೊಟ್ಟಳು. ಅಲ್ಲ ಅನ್ನಲು? ಕಳೆದ ಭಾನುವಾರ ತಾನಾಗಿಯೇ ಫೋನ್ ಮಾಡಿದ್ದಳು. ಆರು ಗಂಟೆ ಅಂದರೆ ಮಗನನ್ನು ಟ್ಯೂಷನ್ನಿಂದ ಕರೆತರುವ ಹೊತ್ತು. ಎರಡನ್ನೂ ಎದುರಿಗಿಟ್ಟುಕೊಂಡು ಹೊಸ ಸಾಲು ಬರೆಯುತ್ತಾರೆ: ‘ಅಕ್ಕ ಕೆಲಸದಲ್ಲಿ ಇರಬಹುದು. ನನಗೆ ಒಂಟಿ ಅನ್ನಿಸ್ತಿರೋದೂ ನಿಜ. ಎಂಟು ಗಂಟೆಗೆ ಇನ್ನೊಮ್ಮೆ ಮಾಡ್ತೀನಿ.’ ಈಗ ಹಳೆಯ ಮಾತಿನ ಮೇಲಿನ ನಂಬಿಕೆ ಐವತ್ತಕ್ಕೆ ಇಳಿದಿರಬಹುದು.

‘ಎಲ್ಲರೂ ನನ್ನನ್ನು ಪ್ರೀತಿಸ್ತಾರೆ’ ಅಂತ ಅವರು ಬರೆಯಲಿಲ್ಲ. ಬರೆದಿದ್ದರೆ ಅವರೇ ನಂಬುತ್ತಿರಲಿಲ್ಲ. ನಂಬಲು ಸಾಧ್ಯವಿರುವ, ನ್ಯಾಯವಾದ ಒಂದು ಮಾತನ್ನು ಬರೆದರು. ವುಡ್ ಅವರ ವಿದ್ಯಾರ್ಥಿಗಳಿಗೆ ಎರಡೂ ಕಡೆ ಯೋಚಿಸಲು ಬಿಟ್ಟಾಗ ಆದದ್ದೂ ಇದೇ ಜಾತಿಯದು.

ಕೆಲವೊಮ್ಮೆ ವಿಚಾರಣೆಯಲ್ಲಿ ಕಪ್ಪು ಯೋಚನೆಯೇ ಗೆಲ್ಲುತ್ತದೆ. ಸಾಲಗಾರರು ನಿಜಕ್ಕೂ ಬಾಗಿಲಿಗೆ ಬರುತ್ತಿರುತ್ತಾರೆ. ಗಂಡ ನಿಜಕ್ಕೂ ಕುಡಿದು ಹೊಡೆಯುತ್ತಿರುತ್ತಾನೆ. ಆಗ ಯೋಚನೆ ತಿದ್ದುವ ಕೆಲಸ ಮುಗಿಯಿತು, ಸಮಸ್ಯೆಯನ್ನು ತಿದ್ದುವ ಕೆಲಸ ಶುರು. ಹೊಡೆತ ತಿನ್ನುವವಳಿಗೆ ‘ಪಾಸಿಟಿವ್ ಆಗಿರು’ ಅನ್ನುವುದರಿಂದ ಲಾಭ ಆಗುವುದು ಹೊಡೆಯುವವನಿಗೆ ಮಾತ್ರ. ಈ ಸಲಹೆಯ ಮೇಲೆ ಇರುವ ಅತಿ ದೊಡ್ಡ ಆಕ್ಷೇಪ ಇದೇ ಅಂತ ನನಗನ್ನಿಸುತ್ತದೆ.

ಗೋವಾದ ಹಳ್ಳಿಗಳಿಂದ ಬಂದ ಉತ್ತರ

ನಮ್ಮ ಪಕ್ಕದ ಗೋವಾದಲ್ಲೇ ಇದಕ್ಕೆ ಸಂಬಂಧಿಸಿದ ಒಂದು ಮುಖ್ಯ ಪ್ರಯೋಗ ನಡೆದಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ‘ಸಂಗಾತ್’ ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದವರಲ್ಲಿ, ಖಿನ್ನತೆ ಸಾಕಷ್ಟು ತೀವ್ರವಾಗಿದ್ದ 495 ಜನರನ್ನು ಆರಿಸಿಕೊಂಡರು. ಸಮಾಲೋಚನೆ ಮಾಡಿದವರು ಮನೋವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ, ಆರೋಗ್ಯ ಕೇಂದ್ರದಲ್ಲಿ ಅಥವಾ ರೋಗಿಯ ಮನೆಯಲ್ಲೇ.

ಅವರು ಬಳಸಿದ ದಾರಿ ಯೋಚನೆಯಿಂದ ಶುರುವಾಗುವುದಿಲ್ಲ, ಕೆಲಸದಿಂದ ಶುರುವಾಗುತ್ತದೆ. ಖಿನ್ನತೆ ಹೇಗೆ ಸುತ್ತುತ್ತದೆ ನೋಡಿ. ಉತ್ಸಾಹ ಇಲ್ಲ ಅಂತ ಹೊರಗೆ ಹೋಗುವುದು ನಿಲ್ಲುತ್ತದೆ. ಹೊರಗೆ ಹೋಗದೆ ಇದ್ದರೆ ಹಿತ ಕೊಡುವ ಮಾತು, ಮುಖ, ಬಿಸಿಲು ಯಾವುದೂ ಸಿಗುವುದಿಲ್ಲ. ಸಿಗದೆ ಇದ್ದಾಗ ‘ಬದುಕಲ್ಲಿ ಏನೂ ಇಲ್ಲ’ ಅನ್ನುವ ಯೋಚನೆಗೆ ಇನ್ನೊಂದು ಪುರಾವೆ. ಉತ್ಸಾಹ ಮತ್ತೂ ಇಳಿಯುತ್ತದೆ. ಈ ಸುತ್ತನ್ನು ಯೋಚನೆಯ ಕಡೆಯಿಂದ ಕಡಿಯುವುದು ಕಷ್ಟ. ಮಾಡುವುದರ ಕಡೆಯಿಂದ ಕಡಿಯಬಹುದು. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ, ಯಾವಾಗ ಮನಸ್ಸು ಹೇಗಿತ್ತು ಅಂತ ಗುರುತು ಹಾಕುತ್ತಾರೆ. ಆಮೇಲೆ ಒಂದೇ ಒಂದು ಸಣ್ಣ ಕೆಲಸ ಸೇರಿಸುತ್ತಾರೆ. ತುಳಸಿಗೆ ನೀರು ಹಾಕುವುದು, ಹಾಲಿನ ಡೈರಿವರೆಗೆ ನಡೆದು ಬರುವುದು, ಅಷ್ಟೇ. ಮನಸ್ಸು ಬಂದಮೇಲೆ ಮಾಡುತ್ತೇನೆ ಅಂತ ಕಾಯುವುದಿಲ್ಲ. ಮೊದಲು ಮಾಡುವುದು, ಮನಸ್ಸು ಹಿಂದಿನಿಂದ ಬರುತ್ತದೆ. ದೇವಸ್ಥಾನ, ಭಜನೆಗೆ ಹೊರಡುವುದರ ಬಲವೂ ಇಲ್ಲೇ ಇರಬಹುದು.

2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ಹೊತ್ತಿಗೆ, ಈ ಸಮಾಲೋಚನೆ ಸಿಕ್ಕವರಲ್ಲಿ ಶೇಕಡ 64 ಮಂದಿ ಖಿನ್ನತೆಯ ಮಟ್ಟದಿಂದ ಹೊರಬಂದಿದ್ದರು. ವೈದ್ಯರ ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಇದು ಶೇಕಡ 39. ಒಂದು ವರ್ಷದ ನಂತರವೂ ಲಾಭ ಉಳಿದಿತ್ತು.

2024ರ ವ್ಯಾಯಾಮದ ಸುದ್ದಿಯನ್ನೂ ಈ ಬೆಳಕಿನಲ್ಲಿ ಓದಬೇಕು. ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ವಿಶ್ಲೇಷಣೆ 218 ಪ್ರಯೋಗಗಳನ್ನು, 14 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು. ನಡಿಗೆ, ಯೋಗ, ತೂಕ ಎತ್ತುವ ವ್ಯಾಯಾಮಗಳಿಂದ ಒಳ್ಳೆಯ ಪರಿಣಾಮ ಕಂಡಿತು. ಪುರಾವೆಯ ಗುಣಮಟ್ಟ ಇನ್ನೂ ಗಟ್ಟಿಯಾಗಬೇಕು ಎಂದು ಲೇಖಕರೇ ಹೇಳಿದ್ದಾರೆ. ಮಾತಿನ ಚಿಕಿತ್ಸೆ, ಔಷಧಿಗಳ ಜೊತೆಗೆ ವ್ಯಾಯಾಮಕ್ಕೂ ಜಾಗ ಕೊಡಿ ಅನ್ನುವುದು ಅವರ ಮಾತು. ‘ಮಾತ್ರೆ ಬಿಡಿ’ ಅಂತ ಅವರು ಎಲ್ಲೂ ಹೇಳಿಲ್ಲ.

ತಪ್ಪು ಸಲಹೆಗೆ ತೆರುವ ಬೆಲೆ

‘ಸುಮ್ನೆ ಒಂದು ಒಳ್ಳೆ ಮಾತು ಹೇಳಿದರೆ ನಷ್ಟವೇನು?’ ಅಂತ ಕೇಳಬಹುದು. ಮೊದಲ ನಷ್ಟ ಕಾಲದ್ದು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 20 ಜನರಲ್ಲಿ ಒಬ್ಬರಿಗೆ ಖಿನ್ನತೆಯ ತೊಂದರೆ ಇದೆ ಎಂದು ಅದು ಹೇಳಿತು. ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ದೂರ, ದುಡ್ಡು, ನಾಚಿಕೆ ಹೀಗೆ ಕಾರಣ ಹಲವು. ‘ನೀನೇ ಸರಿ ಮಾಡ್ಕೋಬಹುದು’ ಅನ್ನುವ ಮಾತು ಆ ತಡವನ್ನು ಇನ್ನಷ್ಟು ಉದ್ದ ಮಾಡುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ನಷ್ಟ. ಸಲಹೆ ಫಲಿಸದಿದ್ದಾಗ ತಪ್ಪು ಸಲಹೆಯ ಮೇಲೆ ಬೀಳುವುದಿಲ್ಲ, ಕೇಳಿದವರ ಮೇಲೆ ಬೀಳುತ್ತದೆ. ‘ಪ್ರಯತ್ನ ಪಟ್ಟಿಲ್ಲ’, ‘ಮನಸ್ಸು ಮಾಡಿಲ್ಲ’ ಅನ್ನುತ್ತೇವೆ. ಮೊದಲೇ ‘ನಾನು ದಂಡ’ ಅಂದುಕೊಂಡವರಿಗೆ ಅದು ತೀರ್ಪಿನ ಹಾಗೆ ಕೇಳಿಸುತ್ತದೆ. ಆಮೇಲೆ ಅವರು ಹೇಳಿಕೊಳ್ಳುವುದನ್ನೇ ಬಿಡುತ್ತಾರೆ. ಕೇಳಿದರೆ ‘ಚೆನ್ನಾಗಿದ್ದೀನಿ’ ಅನ್ನುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೂ ಮನೆಯವರಿಗೆ ಸುಳಿವು ಸಿಗದೆ ಹೋಗಬಹುದು.

ಕರ್ನಾಟಕದಲ್ಲಿ ಏನು ಮಾಡಬಹುದು

ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಆರೈಕೆ ಅನ್ನುವುದು ನಮ್ಮ ರಾಜ್ಯಕ್ಕೆ ಹೊರಗಿನಿಂದ ಬಂದ ವಿಚಾರ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿತು. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿಯಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಮಾತ್ರೆ ಶುರು ಮಾಡಿದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ ಅನ್ನುವುದು ಮನೆಯವರಿಗೂ ಗೊತ್ತಿರಲಿ. ಮೊದಲ ವಾರವೇ ‘ಏನೂ ಉಪಯೋಗ ಇಲ್ಲ’ ಅಂತ ಬಿಡುವವರು ಜಾಸ್ತಿ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ರೋಗಿಯೇ ಮಾಡಬೇಕು ಅಂತಲೂ ಇಲ್ಲ, ಏನು ಮಾಡಬೇಕೆಂದು ತೋಚದ ಅಣ್ಣ, ಅತ್ತಿಗೆ, ಗೆಳೆಯ ಯಾರು ಬೇಕಾದರೂ ಕೇಳಬಹುದು. ಸಾಯುವ ಮಾತು ಬಂದಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ, ಮಾತ್ರೆಗಳ ದಾಸ್ತಾನು ಇದ್ದರೆ ಕೈಗೆ ಸಿಗದ ಹಾಗೆ ಬೇರೆ ಕಡೆ ಇಡಿ. ಅದೇ ದಿನ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಉಳಿದ ದಿನಗಳಲ್ಲಿ ಏನು ಹೇಳಬೇಕು ಅಂತ ಮನೆಯವರು ಒದ್ದಾಡುತ್ತಾರೆ. ‘ಖುಷಿಯಾಗಿರು’ ಅನ್ನುವ ಬದಲು ‘ಟೀ ಇಟ್ಟಿದ್ದೀನಿ, ಬಾ, ಜಗುಲಿ ಮೇಲೆ ಕೂತು ಕುಡಿಯೋಣ’ ಅನ್ನಿ. ಬರಲ್ಲ ಅಂದರೆ ಟೀ ಲೋಟ ಹಿಡಿದು ಅವರಿರುವ ಕಡೆಯೇ ಹೋಗಿ ಕೂತುಕೊಳ್ಳಿ. ಮಾತು ಬೇಕಿಲ್ಲ. ಸಂಜೆ ಇನ್ನೊಮ್ಮೆ ಕರೆಯಿರಿ. ಮಂಗಳವಾರ ಆಸ್ಪತ್ರೆಗೆ ಹೋಗುವಾಗ ಜೊತೆಯಲ್ಲಿ ಹೊರಡಿ, ಒಪಿಡಿ ಚೀಟಿಯ ಸಾಲಿನಲ್ಲಿ ನೀವು ನಿಂತುಕೊಳ್ಳಿ.